ಬಾವನ ಬಂದೂಕಿನ ಕೊಂಕು

ಹೊನ್ನಾಳಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಹೊಲಿಗೆ ಮಿಷನ್ ರಿಪೇರಿ ಅಂಗಡಿ. ಅಪ್ಪ ಕೂರುತ್ತಿದ್ದ ಸ್ಟೂಲು ಅಪ್ಪ ಹೋದ ಮೇಲೆ ನನ್ನದಾಯ್ತು. ಹೆಂಗಸು ಸ್ಕ್ರೂಡ್ರೈವರ್ ಹಿಡಿದು ಕೂತಿದ್ದಾಳೆ ಅಂತ ಮೊದಮೊದಲು ಜನ ಬಾಗಿಲಲ್ಲೇ ನಿಂತು ನೋಡೋರು. "ರಿಪೇರಿಗೆ ಬಂದಿದ್ರೆ ಒಳಗೆ ಬರ್ರಿ, ನೋಡಾಕೆ ಬಂದಿದ್ರೆ ಪಕ್ಕಕ್ಕೆ ನಿಂತು ನೋಡ್ರಿ, ಬೆಳಕಿಗೆ ಅಡ್ಡ ಆಗ್ತೈತೆ" ಅಂತ ಎರಡು ಸಲ ಅಂದೆ. ಆಮೇಲೆ ಯಾರೂ ನಿಲ್ಲಲಿಲ್ಲ.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತೆ, ಅದು ಓಣಿಗೆಲ್ಲ ಗೊತ್ತು. ಅದಕ್ಕಿಂತ ಕೆಟ್ಟ ಚಾಳಿ ಇನ್ನೊಂದಿದೆ. ಎದುರಿನವರ ಮಾತು ಮುಗಿಯೋ ತನಕ ಕಾಯಾಕೆ ನನ್ನಿಂದ ಆಗಲ್ಲ. ಗಿರಾಕಿ ಬಂದು "ಅಕ್ಕಾರೆ, ಹೊಲಿಯುವಾಗ ದಾರ…" ಅನ್ನೋದರೊಳಗೆ "ದಾರ ಕಡೀತೈತೆ, ಬಾಬಿನ್ ಕೇಸು ಸವೆದೈತೆ, ನಾಳೆ ಸಂಜೆ ಬರ್ರಿ" ಅಂದುಬಿಟ್ಟಿರ್ತೀನಿ. ಹತ್ತಕ್ಕೆ ಒಂಬತ್ತು ಸಲ ಅದು ಸರಿಯಾಗೇ ಇರುತ್ತೆ. ಹಂಗಾಗಿ ಅದು ಚಾಳಿ ಅಂತ ಬಾಳ ವರ್ಷ ನನಗೇ ಗೊತ್ತಾಗಲಿಲ್ಲ. ಜನ ನನ್ನನ್ನು ಚುರುಕು ಅಂದರು, ನಾನೂ ಹೌದು ಅಂದುಕೊಂಡೆ.

ಮಿಷನ್ ಬಿಟ್ಟು ಮಿಕ್ಸಿ, ಪಂಪ್ ಸ್ಟೋವ್, ಔಷಧಿ ಹೊಡೆಯೋ ಸ್ಪ್ರೇಯರ್ ಏನು ತಂದರೂ ನಾನು ಇಲ್ಲ ಅನ್ನಲ್ಲ. ಬಂದೂಕು ಬಂದಿದ್ದು ಮಾತ್ರ ಒಂದೇ ಸಲ. ತಂದವಳು ನನ್ನ ಸ್ವಂತ ಅಕ್ಕ. ನ್ಯಾಮತಿಯಿಂದ ಬಸ್ಸಲ್ಲಿ, ಹಳೇ ಜಮಖಾನೆಯಲ್ಲಿ ಸುತ್ತಿ, ಮಗು ಎತ್ತಿಕೊಂಡಂಗೆ ಎತ್ತಿಕೊಂಡು ಬಂದಳು. ಕಂಡಕ್ಟರ್ "ಏನಮ್ಮಾ ಅದು?" ಅಂದನಂತೆ. ಇವಳು "ಹಾರೆ" ಅಂದಳಂತೆ. ಹಾರೆಗೆ ಯಾರಾದರೂ ಜಮಖಾನೆ ಹೊದಿಸ್ತಾರಾ? ಆ ಪುಣ್ಯಾತ್ಮ ಮುಂದೆ ಏನೂ ಕೇಳಲಿಲ್ಲ.

ಬಂದೂಕು ನನ್ನ ಬಾವನದು. ಕೊಲ್ಲೋ ಬಂದೂಕಲ್ಲ, ಸಂತೆಯಲ್ಲಿ ಬಲೂನು ಹೊಡೆಸೋ ಏರ್‌ಗನ್ನು. ಒಂದು ದೊಡ್ಡ ಹಲಗೆ, ಅದರ ತುಂಬ ಬಲೂನು, ಹತ್ತು ಹೆಜ್ಜೆ ಈಚೆಗೆ ಒಂದು ಮೇಜು, ಮೇಜಿನ ಮೇಲೆ ಈ ಬಂದೂಕು. ಇದೇ ಬಾವನ ಕಸುಬು. ಒಂದು ದಿನ ನ್ಯಾಮತಿ, ಒಂದು ದಿನ ಹೊನ್ನಾಳಿ, ಒಂದು ದಿನ ಚನ್ನಗಿರಿ, ಒಂದು ದಿನ ಸಂತೇಬೆನ್ನೂರು. ಯಾವಾಗಾದರೂ ಜಗಳೂರಿಗೂ ಹೋಗೋರು, ಯಾಕಂದರೆ ಹುಟ್ಟೂರು ಅಲ್ಲೇ ಪಕ್ಕದ ಸೊಕ್ಕೆ. ಅಷ್ಟು ದೂರ ಹಲಗೆ ಹೊತ್ತುಕೊಂಡು ಹೋಗಿ ಬರೋದರಲ್ಲಿ ಏನು ಸಿಗುತ್ತೆ ಅಂತ ಅಕ್ಕ ಕೇಳಿದರೆ "ಬೈಗಳ ಸಿಗುತ್ತೆ, ನಮ್ಮೂರ ಬೈಗಳ ರುಚಿ ನಿಂಗೇನು ಗೊತ್ತು" ಅನ್ನೋರು.

ಮಾತಂದರೆ ಬಾವನದು. ನಾದಿನಿ ಅಂತ ನನ್ನನ್ನು ಒಂದು ದಿನವೂ ಸುಮ್ಮನೆ ಬಿಟ್ಟವರಲ್ಲ, ನಾನೂ ಬಿಟ್ಟವಳಲ್ಲ. ನನಗೆ ಕನ್ನಡಕ ಬಂದ ವರ್ಷ ಅಂಗಡಿಗೆ ಬಂದು, ಗಿರಾಕಿಗಳ ಮುಂದೆಯೇ, "ಏನವ್ವಾ, ಇದು ಸೂಜಿ ಕಣ್ಣು ಕಾಣಾಕಾ, ಗಂಡು ಕಾಣಾಕಾ?" ಅಂದಿದ್ದರು. "ಅವತ್ತೇ ಹಾಕ್ಕಂಡಿದ್ರೆ ನಿಮಗೆ ನಮ್ಮಕ್ಕನ್ನ ಕೊಡಾಕೆ ಬಿಡ್ತಿದ್ನಾ ಬಾವ?" ಅಂದೆ. ಅವರು ಅಲ್ಲೇ ಇದ್ದ ಮಿಷನ್ ಮೇಲೆ ಕೈಯೂರಿ, ಕಣ್ಣಲ್ಲಿ ನೀರು ಬರೋ ಹಂಗೆ ನಕ್ಕರು.

ಅಂಥ ಮನುಷ್ಯನಿಗೆ ನ್ಯಾಮತಿ ಸಂತೆಯಲ್ಲಿ, ನಡು ಮಧ್ಯಾಹ್ನ, ಬಂದೂಕು ಕೈಯಲ್ಲಿರುವಾಗಲೇ ಲಕ್ವ ಹೊಡೀತು. ಬಂದೂಕಿನ ಮೇಲೇ ಬಿದ್ದರು. ಬಲಗೈ, ಬಲಗಾಲು ಸ್ವಾಧೀನ ತಪ್ಪಿತು. ನಾಲ್ಕು ತಿಂಗಳಲ್ಲಿ ಕಾಲು ಬಂತು, ಕೈ ಅರ್ಧ ಬಂತು, ಮಾತು ಬರಲಿಲ್ಲ. ಒಳಗೆ ಎಲ್ಲಾ ಇತ್ತು, ಕಣ್ಣು ನೋಡಿದರೇ ಗೊತ್ತಾಗ್ತಿತ್ತು. ಹೊರಗೆ ಬರ್ತಿದ್ದದ್ದು "ಆ… ಬ… ಬ…" ಅಷ್ಟೆ. ಶಿವಮೊಗ್ಗದ ಡಾಕ್ಟರು ಅಕ್ಕನಿಗೆ ಬಿಡಿಸಿ ಹೇಳಿದ್ದರು: "ನಾಲಿಗೆ ಪೂರ್ತಿ ಸತ್ತಿಲ್ಲಮ್ಮ. ಮಾತಾಡಿದಷ್ಟೂ ಬರುತ್ತೆ. ಮಾತಾಡದೆ ಕೂತರೆ ಇಷ್ಟಕ್ಕೇ ನಿಲ್ಲುತ್ತೆ. ಅವರಿಗೇ ಮಾತಾಡಬೇಕು ಅನ್ನಿಸೋ ಹಂಗೆ ಮಾಡಿ."

ಅವರಿಗೆ ಅನ್ನಿಸಲಿಲ್ಲ. ನೋಡಾಕೆ ಬಂದ ನೆಂಟರ ಮುಂದೆ ಬಾಯಿ ತೆರೆದು, ಒಂದು ಸಲ "ಬ… ಬ…" ಆದ ಮೇಲೆ ಗೋಡೆ ಕಡೆ ತಿರುಗಿ ಮಲಗಿಬಿಡೋರು. ಎಂಟು ತಿಂಗಳಾಗಿತ್ತು.

"ಸಂತೆಗೆ ಕರ್ಕಂಡು ಹೋಗ್ತೀನಿ ಕಣೆ," ಅಂದಳು ಅಕ್ಕ. "ಬಲೂನು ನಾನು ಊದ್ತೀನಿ, ಗುಂಡು ನಾನು ಹಾಕಿ ಕೊಡ್ತೀನಿ. ಅವರು ಸುಮ್ಮನೆ ಪಕ್ಕದಲ್ಲಿ ಕುಂತ್ಕಂಡ್ರೆ ಸಾಕು. ನಾಲ್ಕು ಜನದ ಮುಖ ಕಂಡರೆ ಬಾಯಿ ಬಿಡ್ತಾರೇನೋ. ಇದೊಂದು ರೆಡಿ ಮಾಡಿಕೊಡು." ಕಣ್ಣೊರೆಸಿಕೊಂಡಳು. ನನಗೆ ಅಳೋರನ್ನ ಕಂಡರೆ ಕೈಕಾಲು ಆಡಲ್ಲ. "ಅತ್ತರೆ ರಿಪೇರಿ ಆಗಲ್ಲ, ಅದನ್ನ ಇಲ್ಲಿ ಕೊಡು" ಅಂತ ಗದರಿ ಜಮಖಾನೆ ಬಿಚ್ಚಿದೆ.

ಬಂದೂಕಿನ ಗತಿ ನೋಡಾಕೆ ಆಗ್ತಿರಲಿಲ್ಲ. ಮರದ ಹಿಡಿ ಉದ್ದಕ್ಕೆ ಸೀಳಿತ್ತು, ಅದಕ್ಕೆ ಸೈಕಲ್ ಟ್ಯೂಬು ಸುತ್ತಿದ್ದರು. ಹಿಂದೆ ಗುರಿ ನೋಡೋ ತಗಡು ಇರಲೇ ಇಲ್ಲ. ನಳಿಗೆ ಮಡಚಿದರೆ ಒಳಗಿನ ಸ್ಪ್ರಿಂಗು ಮುರಿದು ಕಟಕಟ ಅಂತಿತ್ತು. ಗಾಳಿ ಒತ್ತೋ ಚರ್ಮದ ವಾಶರ್ ಒಣಗಿ ಹಪ್ಪಳ ಆಗಿತ್ತು. ಇಷ್ಟು ವರ್ಷ ಬಾವ ಇದರಲ್ಲಿ ಜೀವನ ಮಾಡಿದ್ದಾರಲ್ಲ ಅಂತ ಒಂದು ಕಡೆ ನಗು ಬಂತು, ಒಂದು ಕಡೆ ಪಾಪ ಅನ್ನಿಸ್ತು.

ವಾಶರ್ ಕಷ್ಟ ಆಗಲಿಲ್ಲ. ಅಪ್ಪನ ಡಬ್ಬಿಯಲ್ಲಿ ಪಂಪ್ ಸ್ಟೋವಿನ ಚರ್ಮದ ವಾಶರ್‌ಗಳು ಇನ್ನೂ ಇದ್ದವು. ಸ್ಟೋವ್ ಹೋದವು, ವಾಶರ್ ಉಳಿದಿದ್ದವು. ದೊಡ್ಡದೊಂದನ್ನು ಹರಳೆಣ್ಣೆಯಲ್ಲಿ ಎರಡು ದಿನ ನೆನೆಸಿಟ್ಟು ಅಂಚು ಕೆತ್ತಿ ಕೂರಿಸಿದೆ. ಸ್ಪ್ರಿಂಗಿಗೆ ಮಾತ್ರ ಚನ್ನಗಿರಿಗೆ ಹೋಗಬೇಕಾಯ್ತು. ಅಲ್ಲಿ ಬಲೂನಿನ ಕಸುಬು ಬಿಟ್ಟು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಒಬ್ಬರ ಮನೆಯಲ್ಲಿ ಇಂಥದ್ದೇ ಇನ್ನೊಂದು ಬಂದೂಕು ಅಟ್ಟದ ಮೇಲೆ ಬಿದ್ದಿತ್ತು. ಅದರ ನಳಿಗೆ ತುಕ್ಕು ತಿಂದಿತ್ತು, ಆದರೆ ಸ್ಪ್ರಿಂಗು, ಬೆರಳಲ್ಲಿ ಎಳೆಯೋ ಕುದುರೆ, ಎರಡು ಪಿನ್ನು ಎಲ್ಲಾ ಗಟ್ಟಿ ಇದ್ದವು. "ನಿಮ್ಮ ಬಾವ ಮಾತಾಡ್ತಾರಾ ಈಗ?" ಅಂತ ಆ ಮನುಷ್ಯ ಕೇಳಿದರು. ಇಲ್ಲ ಅಂದೆ. ಪೂರ್ತಿ ಬಂದೂಕೇ ಎತ್ತಿ ಕೊಟ್ಟರು.

ಹಿಡಿಯನ್ನು ಸವಳಂಗದ ಬಡಗಿಯೊಬ್ಬರು ಹಳೇದರ ಅಳತೆಗೆ ಹೊಸದಾಗಿ ಕೆತ್ತಿಕೊಟ್ಟರು. ಹಲಸಿನ ಮರ, ಹಸಿ ಅರಿಶಿನದ ಬಣ್ಣ, ಬಂದೂಕಿಗೆ ಒಪ್ತಾನೇ ಇರಲಿಲ್ಲ. ಅದಕ್ಕೂ ಉಪಾಯ ಮಾಡಿದೆ. ಚನ್ನಗಿರಿಯಲ್ಲಿ ಅಡಿಕೆ ಬೇಯಿಸೋ ಮನೆಯಿಂದ ಒಂದು ಬಾಟಲಿ ಚೊಗರು ತಂದಿದ್ದೆ. ಅಡಿಕೆಗೆ ಬಣ್ಣ ಕೂರಿಸಾಕೆ ಹಾಕೋ ಅದೇ ಕೆಂಪು ರಸ. ನಾಲ್ಕು ಕೈ ಬಳಿದು ಒಣಗಿಸಿದೆ. ಹಳೇ ಬೀಟೆ ಮರದ ಹಂಗೆ ಕಂಡಿತು. ಗುರಿ ನೋಡೋ ತಗಡಿಗೆ ಸವೆದ ಬಾಬಿನ್ ಕೇಸನ್ನು ಕೊಯ್ದು, ಸಣ್ಣ ಸೀಳು ಹಾಕಿ, ಸ್ಕ್ರೂ ತಿರುಗಿಸಿದರೆ ಆಚೆ ಈಚೆ ಸರಿಯೋ ಹಂಗೆ ಮಾಡಿದೆ. ಕಂಪನಿಯವರೂ ಇಷ್ಟು ಚೆಂದ ಮಾಡಿರಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಹೇಳಾಕೆ ಬೇರೆ ಯಾರೂ ಇರಲಿಲ್ಲ.

ಉಳಿದಿದ್ದು ನಳಿಗೆ. ಹೊಲಿಗೆ ದಾರವನ್ನು ಈ ತುದಿಯಿಂದ ಆ ತುದಿಗೆ ಬಿಗಿಯಾಗಿ ಎಳೆದು ಹಿಡಿದೆ. ದಾರಕ್ಕೂ ಕಬ್ಬಿಣಕ್ಕೂ ನಡುವೆ ಕೂದಲೆಳೆ ಬೆಳಕು ಕಂಡಿತು. ಬಲಕ್ಕೆ ಬಾಗಿತ್ತು. ಬಾವ ಅದರ ಮೇಲೇ ಬಿದ್ದಿದ್ದರಲ್ಲ, ಹಂಗಾಗಿ ಬಾಗಿದೆ ಅಂದುಕೊಂಡೆ. ಬೇರೆ ಯಾವ ಯೋಚನೆಯೂ ನನಗೆ ಬರಲಿಲ್ಲ.

ಅವತ್ತೇ ಅಕ್ಕ ಬಾವನನ್ನೂ ಅಂಗಡಿಗೆ ಕರೆತಂದಿದ್ದಳು. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಬಂದೂಕಿನ ಹೊಸ ಅವತಾರ ತೋರಿಸಿದೆ. ಎಡಗೈಯಲ್ಲಿ ಹಿಡಿ ಸವರಿ ನೋಡಿದರು, ಬಾಬಿನ್ ಕೇಸಿನ ತಗಡು ನೋಡಿ ಹುಬ್ಬು ಹಾರಿಸಿದರು. ಖುಷಿಯಾಗಿದ್ದರು, ಸುಳ್ಳು ಯಾಕೆ ಹೇಳಲಿ. ನಾನು ನಳಿಗೆಯನ್ನು ಬಿಚ್ಚಿ, ಎರಡು ಮರದ ತುಂಡಿನ ನಡುವೆ ಇಟ್ಟು ಬಿಗಿ ಹಿಡಿಯೋ ವೈಸಿಗೆ ಕೊಟ್ಟು ತಿರುಗಿಸಾಕೆ ಶುರು ಮಾಡಿದೆ. ಆಗ ಬಾವ "ಆ! ಆ!" ಅಂದರು.

"ಹೂಂ ಬಾವ, ಸೊಟ್ಟ ಆಗೈತೆ, ನೆಟ್ಟಗೆ ಮಾಡ್ತಿದೀನಿ" ಅಂದೆ.

"ಬ… ಬ… ಆ!" ಎಡಗೈ ಜೋರಾಗಿ ಆಡಿಸಿದರು.

"ಮುರಿಯಲ್ಲ ಬಾವ, ಹೆದರಬ್ಯಾಡ್ರಿ. ನನ್ನ ಕೈ ಮೇಲೆ ನಂಬಿಕೆ ಇಲ್ವಾ?"

ಅವರು ಎದ್ದು ನಿಲ್ಲಾಕೆ ನೋಡಿದರು. ಅಕ್ಕ ಓಡಿ ಬಂದು ಹೆಗಲು ಹಿಡಿದು ಕೂರಿಸಿ, "ಟೀ ಕೇಳ್ತಿದಾರೆ ಕಣೆ, ಈ ಹೊತ್ತಿಗೆ ಕುಡಿಯೋ ಅಭ್ಯಾಸ" ಅಂದಳು. ಎದುರಿನ ಹೋಟೆಲಿಂದ ಟೀ ತರಿಸಿದೆವು. ಬಾವ ಆ ಟೀಯನ್ನು ಕುಡಿದರು. ಕುಡಿಯುವಾಗ ನನ್ನನ್ನೇ ನೋಡ್ತಾ ಇದ್ದರು, ಕಣ್ಣು ಕೆಂಪಗಿದ್ದವು. ಬಿಸಿ ಜಾಸ್ತಿ ಆಯ್ತೇನೋ ಅಂದುಕೊಂಡೆ. ದೇವರೇ, ಅಷ್ಟು ಚುರುಕು ನಾನು.

ಹಿತ್ತಲ ಗೋಡೆಗೆ ಬೆಂಕಿಪೊಟ್ಟಣ ಒರಗಿಸಿ ಹೊಡೆದು ನೋಡಿದೆ. ಹುಟ್ಟಿದಾಗಿಂದ ಬಂದೂಕು ಹಿಡಿಯದ ನನಗೇ ಮೂರಕ್ಕೆ ಮೂರು ತಾಗಿದವು.

ಮೊದಲ ಸಂತೆ ಸಂತೇಬೆನ್ನೂರು. ಅಂಗಡಿಗೆ ಬೀಗ ಹಾಕಿ ನಾನೂ ಹೋದೆ. ಹಲಗೆ ನಿಲ್ಲಿಸಿ, ಹಿಂದೆ ದಪ್ಪ ತಾಡಪಾಲು ಕಟ್ಟಿ, ಬಾವನಿಗೆ ಮೇಜಿನ ಪಕ್ಕ ಕುರ್ಚಿ ಹಾಕಿದೆವು. ಜನ ಬಂದರು. ಹೊಡೆದವರಿಗೆಲ್ಲ ತಾಗಿತು. ಅಡಿಕೆ ಮಾರಾಕೆ ಬಂದವರು, ಬಳೆ ಕೊಳ್ಳಾಕೆ ಬಂದವರು, ಗಂಡನ ಕೈಯಿಂದ ಬಂದೂಕು ಕಿತ್ತುಕೊಂಡ ಹೊಸ ಹೆಂಡತಿ, ಯಾರು ಹೊಡೆದರೂ ಟಪ್ ಟಪ್. ನಾನು ಉಬ್ಬಿಹೋದೆ. ಅಕ್ಕನಿಗೆ ಊದಿ ಊದಿ ಕೆನ್ನೆ ನೋವು ಬಂತು.

ಅಡಿಕೆ ವ್ಯಾಪಾರದ ಹಿರಿಯರೊಬ್ಬರು, ಬಾವನ ಹಳೇ ಗಿರಾಕಿ, ಐದಕ್ಕೆ ಐದು ಹೊಡೆದು ಬಂದೂಕನ್ನು ತಿರುಗಿಸಿ ನೋಡಿದರು. "ಬಾಳ ಚೆಂದ ಮಾಡಿಸೀರಿ. ಮೊದಲೆಲ್ಲ ಇವರು ಕಿವೀಲಿ ಹೇಳಿಕೊಟ್ಟ ಮೇಲೇ ನಮಗೆ ತಾಗ್ತಿತ್ತು. ಈಗ ಯಾರನ್ನೂ ಕೇಳೋದೇ ಬ್ಯಾಡ" ಅಂದರು. ನಾನು ಅದನ್ನು ಹೊಗಳಿಕೆ ಅಂತ ತಗೊಂಡು "ನಾನೇ ಮಾಡಿದ್ದು" ಅಂದೆ. ಅವರು ಬಾವನಿಗೆ ಕೈ ಮುಗಿದು ಹೋದರು. ಉಳಿದವರು ಅದನ್ನೂ ಮಾಡಲಿಲ್ಲ. ಬಂದರು, ಹೊಡೆದರು, ಹೋದರು. ಮಧ್ಯಾಹ್ನಕ್ಕೆ ತಂದ ಬಲೂನೆಲ್ಲ ಖಾಲಿ. ಬಾವನ ಕಡೆ ತಿರುಗಿ ಒಂದು ಮಾತು ಕೇಳಿದವರು ಒಬ್ಬರಿಲ್ಲ. ಬಾಯಿ ಬಿಡೋದಿರಲಿ, ಅವರು ತಲೆ ಕೂಡ ಎತ್ತಲಿಲ್ಲ.

ಮಾರನೇ ದಿನ ಬೆಳಿಗ್ಗೆ ನ್ಯಾಮತಿಯ ಮನೆಯಲ್ಲಿ ನಾನು ಹೊನ್ನಾಳಿ ಬಸ್ಸಿಗೆ ಹೊರಡ್ತಿದ್ದೆ. ಹಿತ್ತಲಲ್ಲಿ ಠಣ್ ಅಂತು. ಮತ್ತೆ ಠಣ್. ಓಡಿ ಹೋಗಿ ನೋಡಿದರೆ ಬಾವ ಎಡಗೈಯಲ್ಲಿ ಬಂದೂಕು ಹಿಡಿದು, ನಳಿಗೆಯನ್ನು ಒರಳುಕಲ್ಲಿಗೆ ಬಡೀತಿದ್ದಾರೆ.

ನನ್ನ ತಲೆ ಕೆಟ್ಟುಹೋಯ್ತು. ಕಾಯಿಲೆ ಮನುಷ್ಯ ಅನ್ನೋದನ್ನೂ ಮರೆತು ಬಾಯಿಗೆ ಬಂದಂಗೆ ಬೈದೆ. "ನಿಮಗೇನು ಬುದ್ಧಿ ನೆಟ್ಟಗೈತಾ ಬಾವ? ಊರೂರು ಅಲೆದು ಒಂದೊಂದು ಪಾರ್ಟು ತಂದು ಜೋಡಿಸಿದೀನಿ! ನಿಮ್ಮ ಸಲುವಾಗೇ ಅಂಗಡಿ ಬಾಗಿಲು ಹಾಕಿದೀನಿ!" ಅವರೂ ಬಿಡಲಿಲ್ಲ. "ಆ… ಬ… ಬ… ಬ!" ಅಂತ ನನಗಿಂತ ಜೋರಾಗಿ ಕೂಗಿದರು.

"ಏನು, ಸಂತೆ ಬ್ಯಾಡ್ವಾ? ಮನೇಲೇ ಇರ್ತೀರಾ? ಬಂದೂಕು ಮಾರಬೇಕಾ? ಭುಜ ನೋಯ್ತೈತಾ?"

ಒಂದೊಂದಕ್ಕೂ ತಲೆ ಅಲ್ಲಾಡಿಸಿದರು. ಒಳಗಿಂದ ಅಕ್ಕ, "ಟೀ ಕೇಳ್ತಿದಾರೇನೋ, ಇಟ್ಟೆ, ಬಂದೆ" ಅಂದಳು. ಅದನ್ನು ಕೇಳಿ ಬಾವ ಬಂದೂಕು ಕೆಳಗೆ ಬಿಟ್ಟು, ಎಡಗೈಯಿಂದ ತಮ್ಮ ಬಾಯಿಗೆ ತಾವೇ ಪಟಪಟ ಹೊಡೆದುಕೊಂಡರು. ನಾನು ಹೆದರಿ ಕೈ ಹಿಡಿದೆ. ಆಗ ಅವರು ಬೆರಳನ್ನು ನಳಿಗೆಯ ಮೇಲೆ ಇಟ್ಟು ಓರೆಯಾಗಿ ಎಳೆದರು. ಆಮೇಲೆ ಅದೇ ಬೆರಳನ್ನು ತಮ್ಮ ತುಟಿಗೆ ಮುಟ್ಟಿಸಿ, ನನ್ನ ಕಿವಿಗೆ ಮುಟ್ಟಿಸಿದರು.

ಕಿವೀಲಿ ಹೇಳಿಕೊಟ್ಟ ಮೇಲೇ ತಾಗ್ತಿತ್ತು ಅಂತ ಅಡಿಕೆ ವ್ಯಾಪಾರದವರು ಅಂದಿದ್ದು ಆಗ ನೆನಪಾಯ್ತು.

"ಬಾವ, ಈ ಕೊಂಕು ಬಿದ್ದಾಗ ಆಗಿದ್ದಲ್ವಾ?" ಇಲ್ಲ ಅಂತ ತಲೆ ಆಡಿಸಿದರು. "ನೀವೇ ಬೇಕಂತ ಮಾಡಿದ್ದಾ?" ಹೌದು ಅಂದರು. "ಗುರಿ ತಪ್ಪಿದೋರು ನಿಮ್ಮನ್ನ ಕೇಳಲಿ ಅಂತಾನಾ?"

ಹೌದು ಅಂತ ತಲೆ ಆಡಿಸ್ತಾ ಆಡಿಸ್ತಾ ಬಾವ ಅತ್ತುಬಿಟ್ಟರು. ಅವರು ಅತ್ತಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ನನಗೂ ಅಳು ಬಂತು, ಅದಕ್ಕಿಂತ ಹೆಚ್ಚು ನಾಚಿಕೆ ಆಯ್ತು. ನನ್ನ ಅಂಗಡಿಯಲ್ಲೇ ಕೂತು ಅವರು ಬ್ಯಾಡ ಬ್ಯಾಡ ಅಂತ ಬಡಕೊಂಡಿದ್ದರು, ನಾವು ಟೀ ಕುಡಿಸಿದ್ದೆವು. ಅಷ್ಟೇ ಅಲ್ಲ, ಎಂಟು ತಿಂಗಳಿಂದ ಆ ಮನುಷ್ಯ ಬಾಯಿ ತೆರೆದಾಗಲೆಲ್ಲ ನಾನೋ ಅಕ್ಕನೋ ಮಾತು ಪೂರ್ತಿ ಮಾಡಿಬಿಡ್ತಿದ್ದೆವು. ನೀರಾ? ಫ್ಯಾನಾ? ಸೆಕೆನಾ? ಮಲಗ್ತೀರಾ? ತಪ್ಪೋ ಸರಿಯೋ, ಅವರ ಸರದಿ ಬರೋದರೊಳಗೆ ನಮ್ಮದು ಮುಗಿದಿರ್ತಿತ್ತು. ಮಾತಾಡಬೇಕು ಅಂತ ಅವರಿಗಾದರೂ ಹೆಂಗೆ ಅನ್ನಿಸಬೇಕು?

ಟೀ ಹಿಡಿದು ಬಂದ ಅಕ್ಕನಿಗೆ ಎಲ್ಲಾ ಹೇಳಿದೆ. ಅವಳು ಲೋಟ ಕೆಳಗಿಟ್ಟು, "ಹಂಗಾದ್ರೆ ಇಷ್ಟು ವರ್ಷ ಜನಕ್ಕೆ ಮೋಸ ಮಾಡ್ತಿದ್ರೇನ್ರಿ?" ಅಂತ ಗಂಡನನ್ನೇ ಕೇಳಿದಳು. ಬಾವ ಅವಳ ಕಡೆ ನೋಡಿದ ನೋಟ ನೀವು ನೋಡಬೇಕಿತ್ತು. ಅಂಥ ತುಂಟ ನೋಟ ಅವರ ಮುಖದ ಮೇಲೆ ಲಕ್ವ ಹೊಡೆದ ಮೇಲೆ ಬಂದಿದ್ದು ಅದೇ ಮೊದಲು. ನನಗಂತೂ ಅದರಲ್ಲಿ ಮೋಸ ಕಾಣಲಿಲ್ಲ. ಕೇಳಿದವರಿಗೆ ಹೇಳಿಕೊಡ್ತಿದ್ದರು. ಕೇಳದೆ ಜಂಬ ಹೊಡೆಯೋರಿಗೆ ಮಾತ್ರ ಬಲೂನು ಸಿಗ್ತಿರಲಿಲ್ಲ.

ಬಾವನನ್ನೂ ಕರಕೊಂಡು ಅವತ್ತೇ ಹೊನ್ನಾಳಿಗೆ ಬಂದೆ. ಒರಳಿಗೆ ಬಡಿದದ್ದರಿಂದ ನಳಿಗೆ ಕೆಳಕ್ಕೆ ಬಾಗಿತ್ತು, ಮುಂದಿನ ಗುರಿಮೊನೆ ಚಪ್ಪಟೆ ಆಗಿತ್ತು. ಮೊನೆಯನ್ನು ಚನ್ನಗಿರಿ ಬಂದೂಕಿನಿಂದ ಕಿತ್ತು ಹಾಕಿದೆ. ನಳಿಗೆಯನ್ನು ಮೊದಲು ನೆಟ್ಟಗೆ ಮಾಡಿ, ಆಮೇಲೆ ಬೇಕಂತಲೇ ಬಲಕ್ಕೆ ಬಾಗಿಸಾಕೆ ಕೂತೆ. ಸರಿ ಇಲ್ಲದ್ದನ್ನು ಸರಿ ಮಾಡೋದೇ ನನ್ನ ಕಸುಬು, ಸರಿ ಇರೋದನ್ನು ಕೆಡಿಸೋದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ನೂಲಿನಷ್ಟು ಜಾಸ್ತಿ ಆದರೆ ಬಾವನ ಕೈ ಮೇಲೇಳ್ತಿತ್ತು, ಕಮ್ಮಿ ಆದರೆ ಬೆರಳು ಆಡ್ತಿತ್ತು. ಹಿತ್ತಲಲ್ಲಿ ನಾನು ಹೊಡೆಯೋದು, ಗುಂಡು ಎಲ್ಲಿ ಹೋಯ್ತು ಅಂತ ಅವರು ನೋಡೋದು, ಮತ್ತೆ ವೈಸಿಗೆ ಹಾಕೋದು. ಮೂರು ಮಧ್ಯಾಹ್ನ ಇದೇ ಆಯ್ತು. ಆ ಮೂರು ದಿನ ಅವರು ಬಾಯಿ ತೆರೆದಾಗ ನಾನು ಏನನ್ನೂ ಊಹೆ ಮಾಡಲಿಲ್ಲ. ಅವರಿಗೆ ಮಾತು ಬರಲೂ ಇಲ್ಲ. ಸುಮ್ಮನಿರೋದು ಇಷ್ಟು ಹಿಂಸೆ ಅಂತಾನೂ ನನಗೆ ಆಗಲೇ ಗೊತ್ತಾಗಿದ್ದು.

ಮುಂದಿನ ಸಂತೆ ಯಾವುದು ಅಂತ ಬಾವನೇ ತೋರಿಸಿದರು. ಕ್ಯಾಲೆಂಡರಿನಲ್ಲಿ ಜಗಳೂರು ಸಂತೆಯ ದಿನದ ಮೇಲೆ ಬೆರಳಿಟ್ಟರು. ಅಕ್ಕನ ಜೀವ ಬಾಯಿಗೆ ಬಂತು. "ಬ್ಯಾಡ್ರಿ, ನಿಮ್ಮೂರ ಜನ ಎಲ್ಲಾ ಬರ್ತಾರೆ, ಎಲ್ಲರ ಮುಂದೆ…" ಅಂದಳು. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೆಗೆದು ಮಂಚದ ಮೇಲೆ ಇಟ್ಟರು. ಅಲ್ಲಿಗೆ ಮಾತು ಮುಗೀತು. ಹೋಗೋ ಮುಂಚೆ ಅಕ್ಕನಿಗೆ ನಾನೊಂದೇ ಮಾತು ಹೇಳಿದೆ: "ಸಂತೇಲಿ ಯಾರೇನು ಕೇಳಿದ್ರೂ ನಾವಿಬ್ಬರೂ ಕಿವುಡರು. ಉತ್ತರ ಕೊಟ್ಟೆ ಅಂದ್ರೆ ನೋಡು, ನಿನ್ನ ನಾಲಿಗೆಗೇ ಸೂಜಿ ಹಾಕ್ತೀನಿ."

ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಟಾಪಿನ ಮೇಲೆ ಹಲಗೆ ಹಾಕಿ, ಜಗಳೂರು ಮುಟ್ಟೋ ಹೊತ್ತಿಗೆ ಬಿಸಿಲು ಏರಿತ್ತು. ಹುಣಸೆಹಣ್ಣಿನ ರಾಶಿಗೂ ಪಾತ್ರೆ ಅಂಗಡಿಗೂ ನಡುವೆ ಜಾಗ ಸಿಕ್ಕಿತು.

ಮೊದಲು ಬಂದ ಇಬ್ಬರಿಗೆ ಒಂದೂ ತಾಗಲಿಲ್ಲ. ಗೊಣಗಿಕೊಂಡು ಹೋದರು. ಮೂರನೆಯವನು ಹೆಂಗೆ ಹೊಡೀಬೇಕು ಅಂತ ನನ್ನನ್ನು ಕೇಳಿದ, ನಾನು ಬಾವನ ಕಡೆ ಕೈ ತೋರಿಸಿದೆ. ಅವನು ಬಾವನ ಓರೆಯಾದ ಬಾಯಿ ನೋಡಿ, "ಇರಲಿ ಬಿಡ್ರಿ, ಪಾಪ" ಅಂತ ಬಂದೂಕಿಟ್ಟು ನಡೆದ. ಬಾವ ನೆಲ ನೋಡಾಕೆ ಶುರು ಮಾಡಿದರು. ಅಕ್ಕ ನನ್ನ ಮುಖ ನೋಡಿದಳು. ಹಲಗೆ ತುಂಬ ಬಲೂನು ಹಂಗಂಗೇ ಇದ್ದವು. ಇಲ್ಲಿ ತನಕ ಕರಕೊಂಡು ಬಂದು ಮನುಷ್ಯನ ಮಾನ ಕಳೆದೆನಲ್ಲಾ ಅಂದುಕೊಂಡೆ.

ಆಗ ಒಬ್ಬ ಬಂದ. ಹೆಗಲ ಮೇಲೆ ಟವೆಲು, ಎತ್ತರದ ಆಳು, ದೊಡ್ಡ ದನಿ. ಸೊಕ್ಕೆ ಕಡೆಯವನೇ ಇರಬೇಕು, ಬಾವನನ್ನು ಕಂಡು "ಏನಣ್ಣಾ, ಕಾಣ್ಲೇ ಇಲ್ಲ ಇಷ್ಟು ದಿನ?" ಅಂದ. ಉತ್ತರಕ್ಕೆ ಕಾಯದೆ ಬಂದೂಕು ಎತ್ತಿದ. "ನಾನು ಹೊಲದಾಗೆ ಕಲ್ಲಲ್ಲೇ ಗಿಳಿ ಓಡಿಸೋನು, ಇದ್ಯಾವ ಲೆಕ್ಕ" ಅಂತ ಸುತ್ತಲಿನವರಿಗೆ ಕೇಳೋ ಹಂಗೆ ಹೇಳಿ ಹೊಡೆದ. ತಪ್ಪಿತು. ಮತ್ತೊಂದು. ತಪ್ಪಿತು. ಐದಕ್ಕೆ ಐದೂ ತಪ್ಪಿದವು. ನಿಂತವರು ಕಿಸಕ್ ಅಂದರು.

"ಏನಕ್ಕಾ, ಈ ಗನ್ನು ಸರಿ ಇಲ್ಲ" ಅಂದ ನನಗೆ. ನಾನು ಬಲೂನಿಗೆ ದಾರ ಕಟ್ಟಿದೆ. ಅಕ್ಕನನ್ನು ಕೇಳಿದ. ಅವಳು ಇನ್ನೊಂದು ಬಲೂನು ಬಾಯಿಗಿಟ್ಟು ಊದಾಕೆ ಹತ್ತಿದಳು. ಅವನು ಬಾವನ ಕಡೆಗೇ ತಿರುಗಿದ. "ನಿಂಗೇ ಕೇಳ್ತಿರೋದು ಕಣಣ್ಣಾ. ಸೊಟ್ಟ ಗನ್ನು ಇಟ್ಕಂಡು ನಮ್ಮೂರೋರ್ಗೇ ಟೋಪಿ ಹಾಕ್ತೀಯಾ?"

ಬಾವ ತಲೆ ಎತ್ತಿದರು. ಬಾಯಿ ಆಡಿತು, ದನಿ ಬರಲಿಲ್ಲ. ಕತ್ತಿನ ನರ ಉಬ್ಬಿತು. ನನಗೆ ನಾಲಿಗೆ ತುದಿಯಲ್ಲಿ ಹತ್ತು ಮಾತು ಬಂದು ನಿಂತವು. ಇವರಿಗೆ ಹುಷಾರಿಲ್ಲ ಅನ್ನಲಾ, ಲಕ್ವ ಹೊಡೆದೈತೆ ಅನ್ನಲಾ, ಒಂದು ಬೆರಳು ಎಡಕ್ಕೆ ಹೊಡಿ ಮಾರಾಯ ಅನ್ನಲಾ. ತುಟಿ ಕಚ್ಚಿ ಹಿಡಿದೆ. ಆ ಮನುಷ್ಯನೂ ಯಾಕೋ ಕದಲಲಿಲ್ಲ, ಬಾವನ ಬಾಯನ್ನೇ ನೋಡ್ತಾ ನಿಂತ.

"ಗ… ಗನ್ನು," ಅಂದರು ಬಾವ. ಉಸಿರು ಎಳಕೊಂಡರು. "ಗನ್ನು… ಸರಿ… ಐತೆ."

ಅಕ್ಕನ ಬಾಯಿಂದ ಬಲೂನು ಜಾರಿ ಪುರ್ರಂತ ಹುಣಸೆಹಣ್ಣಿನ ರಾಶಿ ಮೇಲೆ ಹಾರಿತು. ಯಾರೂ ಅದನ್ನು ನೋಡಲಿಲ್ಲ. ಬಾವ ಇನ್ನೂ ಮುಗಿಸಿರಲಿಲ್ಲ. ಎಡಗೈ ಎತ್ತಿ ಆ ಎತ್ತರದ ಮನುಷ್ಯನ ಎದೆಗೆ ಬೆರಳು ತೋರಿಸಿದರು.

"ನೀ… ನೀನು… ಸರಿ… ಇಲ್ಲ."

ಪಾತ್ರೆ ಅಂಗಡಿಯವನೂ ನಕ್ಕ. ನಿಂತವರೆಲ್ಲ ಗೊಳ್ ಅಂದರು. ಆ ಮನುಷ್ಯ ಒಂದು ಗಳಿಗೆ ಬೆಪ್ಪಾಗಿ ನಿಂತು, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕ. ಅಕ್ಕ ಸೆರಗು ಮುಖಕ್ಕೆ ಒತ್ತಿಕೊಂಡಳು. ನನ್ನ ಕೈಯಲ್ಲಿದ್ದ ದಾರ ಗಂಟು ಗಂಟಾಗಿತ್ತು, ಬಿಡಿಸಾಕೆ ಕಣ್ಣು ಕಾಣ್ತಿರಲಿಲ್ಲ.

"ಆಯ್ತು ಮಾರಾಯ, ನಾನು ಸರಿ ಇಲ್ಲ, ಒಪ್ಕಂಡೆ," ಅಂದ ಅವನು. ಬಾವನ ಕುರ್ಚಿ ಪಕ್ಕ ಕುಕ್ಕರಗಾಲಲ್ಲಿ ಕೂತ. "ಹಂಗಾದ್ರೆ ನೀನೇ ಹೇಳು. ಹೆಂಗೆ ಹೊಡೀಲಿ?"

ಬಾವ ಹೇಳಾಕೆ ಶುರು ಮಾಡಿದರು. ಬಾಳ ಹೊತ್ತು ಹಿಡೀತು. ಹಿಂದೆ ನಿಂತ ಒಬ್ಬರು ಬೇಗ ಬೇಗ ಅಂದರು. ಅವನು ಅವರಿಗೆ ಸುಮ್ಮನಿರ್ರಿ ಅಂತ ಕೈ ಮಾಡಿ, ಪೂರ್ತಿ ಕೇಳಿಸಿಕೊಂಡ.